ಚೀಲದ ತೂಕ, ಕಾಳಿನ ಕಸುವು

ವಿಜಯಪುರ, ಬಾಗಲಕೋಟೆ ಕಡೆ ಬೆಳೆಯುವ ಡ್ಯೂರಮ್ ಗೋಧಿಯ ಹಿಡಿ ಕಾಳನ್ನು ಬೆಳಕಿಗೆ ಹಿಡಿದು ನೋಡಿ. ಒಳ್ಳೆಯ ಕಾಳು ಗಟ್ಟಿ, ಹೊಳಪಿನ ಹಳದಿ. ಬೆಳಕು ಒಳಗೆ ಹಾಯುತ್ತದೆ. ಕೆಲವಕ್ಕೆ ಮೈಮೇಲೆ ಮಾಸಲು ಮಚ್ಚೆ. ಅಲ್ಲಿ ಮುರಿದರೆ ಸುಣ್ಣದಂಥ ಬಿಳಿ ಹಿಟ್ಟು. ಕಾಳು ಕಟ್ಟುವ ಹೊತ್ತಿಗೆ ಬೆಳೆಗೆ ಸಾರಜನಕ ಸಾಲದೆ ಹೋದದ್ದೇ ಬಹುಮಟ್ಟಿಗೆ ಇದಕ್ಕೆ ಕಾರಣ. ಮಚ್ಚೆಗಾಳಿನಲ್ಲಿ ಪ್ರೋಟೀನ್ ಕಡಿಮೆ, ರವೆಯೂ ಕಡಿಮೆ.

ಪ್ರೋಟೀನ್ ಎಂದರೆ ಸಾರಜನಕವೇ ಎನ್ನುವಷ್ಟು ಹತ್ತಿರದ ನಂಟು ಇದು. ಗೋಧಿಯ ಸಾರಜನಕವನ್ನು ಅಳೆದು 5.7ರಿಂದ ಗುಣಿಸಿದರೆ ಪ್ರೋಟೀನಿನ ಲೆಕ್ಕ ಸಿಗುತ್ತದೆ. ಹಾಗೆಂದು ಯೂರಿಯಾ ಚೀಲ ಹೆಚ್ಚಿಸಿದರೆ ಪ್ರೋಟೀನ್ ತಾನಾಗಿ ಏರುವುದಿಲ್ಲ. ಬಿತ್ತುವಾಗ, ಆಮೇಲೆ ಮೂರು ವಾರಕ್ಕೆ ಮೊದಲ ನೀರಿನೊಂದಿಗೆ ಕೊಟ್ಟದ್ದು ತೆಂಡೆಗೆ, ಎಲೆಗೆ, ತೆನೆಗಳ ಸಂಖ್ಯೆಗೆ ಹೋಗುತ್ತದೆ. ಇಳುವರಿ ಏರುತ್ತದೆ, ಇದ್ದ ಸಾರಜನಕ ಅಷ್ಟೂ ಕಾಳಿಗೆ ಹಂಚಿಹೋಗುತ್ತದೆ. ಮಳೆಯನ್ನೇ ನಂಬಿದ ಎರೆಹೊಲದ ಬಡಕಲು ಬೆಳೆ ಎಷ್ಟೋ ಸಲ ನೀರಾವರಿ ಗೋಧಿಗಿಂತ ಪ್ರೋಟೀನಿನಲ್ಲಿ ಮುಂದಿರುವುದು ಇದಕ್ಕೇ.

ಕಾಳಿನ ಸಾರಜನಕದ ಬಹುಪಾಲು ಹೂವಿಗೆ ಮೊದಲೇ ಎಲೆ, ಕಾಂಡಗಳಲ್ಲಿ ಕೂಡಿಟ್ಟದ್ದು. ಎಲೆ ತನ್ನ ಪ್ರೋಟೀನನ್ನು ಕರಗಿಸಿ ಕಾಳಿಗೆ ಸಾಗಿಸುತ್ತ ತಾನು ಒಣಗುತ್ತದೆ. ನನಗೆ ಬೇಸಾಯದಲ್ಲಿ ಇದಕ್ಕಿಂತ ಸೋಜಿಗದ್ದು ಕಂಡಿಲ್ಲ. ಆದ್ದರಿಂದ ಒಂದು ಪಾಲು ಗೊಬ್ಬರವನ್ನು ಕಡೆಯ ಎಲೆ ಬಿಚ್ಚುವ ಹೊತ್ತಿಗೆ ಉಳಿಸಿಕೊಂಡರೆ, ಹೂವಿನ ಆಸುಪಾಸಿನಲ್ಲಿ ತೆಳು ಯೂರಿಯಾ ದ್ರಾವಣ ಸಿಂಪಡಿಸಿದರೆ, ಅದು ಹೊಸ ತೆಂಡೆ ಹುಟ್ಟಿಸದೆ ಕಾಳನ್ನು ಸೇರುತ್ತದೆ. ನೆಲದಲ್ಲಿ ತೇವ ಇರಬೇಕು ಅಷ್ಟೆ. ಕ್ಷಾರದ ಎರೆಮಣ್ಣಿನ ಮೇಲೆ ಯೂರಿಯಾ ಎರಚಿ ನೀರು ಹಾಯಿಸದೆ ಬಿಟ್ಟರೆ ಸಾಕಷ್ಟು ಭಾಗ ಅಮೋನಿಯಾ ಆಗಿ ಗಾಳಿಪಾಲು. ಅಮೋನಿಯಂ ಸಲ್ಫೇಟಿನಲ್ಲಿ ಸಾರಜನಕ ಯೂರಿಯಾದ ಅರ್ಧಕ್ಕಿಂತ ಕಡಿಮೆ, ಆದರೆ ಗಂಧಕವಿದೆ. ಕಣಕಕ್ಕೆ ಜಿಗುಟು ಕೊಡುವ ಗ್ಲುಟೆನ್‌ಗೆ ಗಂಧಕ ಬೇಕೇ ಬೇಕು.

ಇಷ್ಟು ತಿಳಿದೂ ರೈತರು ಗೊಬ್ಬರವನ್ನೆಲ್ಲ ಮೊದಲೇ ಹಾಕುವುದು ತಪ್ಪಲ್ಲ. ನಮ್ಮ ಬೆಂಬಲ ಬೆಲೆ ಕಸಕಡ್ಡಿ, ಜೊಳ್ಳು, ತೇವಾಂಶ ನೋಡುತ್ತದೆ, ಪ್ರೋಟೀನ್ ಕೇಳುವುದಿಲ್ಲ. ಕೆನಡಾದಲ್ಲಿ ಗಟ್ಟಿ ಕೆಂಪು ಗೋಧಿಯ ದರ ಹೇಳುವಾಗಲೇ ಪ್ರೋಟೀನ್ ಶೇ 13.5 ಎಂದು ಸೇರಿಸುತ್ತಾರೆ. ತಡವಾಗಿ ಕೊಡುವ ಗೊಬ್ಬರಕ್ಕೆ ಕೂಲಿ ಬೇರೆ, ನೀರು ಬೇರೆ. ಅದನ್ನು ಬೆಳೆದವರೊಬ್ಬರೇ ಹೊರಬೇಕೆನ್ನುವುದು ಅನ್ಯಾಯ. ಅವಕೆಂಪು ಕಿರಣದಿಂದ ನಿಮಿಷಗಳಲ್ಲೇ ಪ್ರೋಟೀನ್ ಓದುವ ಯಂತ್ರಗಳಿವೆ. ರವೆ, ಶಾವಿಗೆ ಮಾಡುವವರು ಕೊಳ್ಳುವ ಡ್ಯೂರಮ್‌ಗಾದರೂ ನಮ್ಮ ಎಪಿಎಂಸಿಗಳು ಅಂಥ ಯಂತ್ರ ಕೂರಿಸಿ, ಅದು ತೋರಿಸಿದಂತೆ ದರ ಕಟ್ಟಲಿ.