ಹೆಸರು ಹೇಳಿದರೆ ಸಾಲದು, ಕಾರಣವನ್ನೂ ಹೇಳಬೇಕು

ಹಳೇ ಟಿವಿ ಧಾರಾವಾಹಿಗಳಲ್ಲಿ ಯಾರದಾದರೂ ಕೈಯಲ್ಲಿ ಕ್ಯಾಮೆರಾ ಕಂಡರೆ ನಾನು ಅಲ್ಲಿಗೇ ವಿಡಿಯೋ ನಿಲ್ಲಿಸಿ, ಅದು ಯಾವ ಕ್ಯಾಮೆರಾ ಎಂದು ಹುಡುಕಲು ಕೂರುತ್ತೇನೆ. ಇದನ್ನು ಕೇಳಿದ ಗೆಳೆಯರು ನಗುತ್ತಾರೆ. "ಪರೀಕ್ಷೆಗೆ ಇದು ಎಷ್ಟು ಮಾರ್ಕ್ಸಿಗೆ ಬರುತ್ತದೆ?" ಎನ್ನುತ್ತಾರೆ. ಒಂದು ಮಾರ್ಕ್ಸಿಗೂ ಬರುವುದಿಲ್ಲ, ಒಪ್ಪುತ್ತೇನೆ. ಆದರೆ ಈ ಹವ್ಯಾಸದಲ್ಲಿ ನಮ್ಮ ವಯಸ್ಸಿನವರೆಲ್ಲ ಕಲಿಯಲೇಬೇಕಾದ ಒಂದು ಅಭ್ಯಾಸ ಇದೆ ಎಂಬುದು ನನ್ನ ವಾದ.

ಈ ಹುಚ್ಚು ಹತ್ತಿಸಿದವರು ನನ್ನ ಮಾಮಾ. ಅವರು ಹಿಂದೆ ಫೋಟೋ ಸ್ಟುಡಿಯೋ ಇಟ್ಟಿದ್ದವರು. ಕಳೆದ ರಜೆಯಲ್ಲಿ ಅವರ ಜೊತೆ ಕೂತು 'ಕೊಲಂಬೊ' ಎಂಬ ಅಮೆರಿಕದ ಪತ್ತೇದಾರಿ ಧಾರಾವಾಹಿ ನೋಡಿದೆ. ಸುಕ್ಕುಗಟ್ಟಿದ ರೇನ್‌ಕೋಟ್ ಹಾಕಿಕೊಂಡು, ಏನೂ ಗೊತ್ತಿಲ್ಲದವನ ಹಾಗೆ ಪ್ರಶ್ನೆ ಕೇಳುತ್ತಾ ಕೊಲೆಗಾರನನ್ನು ಹಿಡಿಯುವ ಪೊಲೀಸ್ ಅಧಿಕಾರಿಯ ಕಥೆ ಅದು. ಪೀಟರ್ ಫಾಕ್ ಆ ಪಾತ್ರ ಮಾಡಿದ್ದಾರೆ. 1974ರಲ್ಲಿ ಪ್ರಸಾರವಾದ 'ನೆಗೆಟಿವ್ ರಿಯಾಕ್ಷನ್' ಎಂಬ ಕಂತಿನಲ್ಲಿ ಕ್ಯಾಮೆರಾ ಗುರುತಿಸುವುದೇ ಕಥೆಯ ಕೊನೆಯ ಗಂಟು.

ಒಬ್ಬ ಪ್ರಸಿದ್ಧ ಛಾಯಾಗ್ರಾಹಕ ತನ್ನ ಹೆಂಡತಿಯನ್ನು ಕುರ್ಚಿಗೆ ಕಟ್ಟಿ, ಹಿಂದಿನ ಗಡಿಯಾರ ಕಾಣುವಂತೆ ಫೋಟೋ ತೆಗೆದು, ಕೊಂದು, ಅಪಹರಣದ ನಾಟಕ ಆಡುತ್ತಾನೆ. ಗಡಿಯಾರದಲ್ಲಿ ಎರಡು ಗಂಟೆ. ಆ ಹೊತ್ತಿಗೆ ಅವನು ಬೇರೆ ಕಡೆ ಇದ್ದುದಕ್ಕೆ ಸಾಕ್ಷಿ ಇದೆ. ಕೊಲಂಬೊ ಆ ಫೋಟೋವನ್ನು ಎಡ ಬಲ ತಿರುಗಿಸಿ ದೊಡ್ಡದಾಗಿ ಪ್ರಿಂಟ್ ಹಾಕಿಸುತ್ತಾನೆ. ಎರಡು ಗಂಟೆ ಈಗ ಹತ್ತು ಗಂಟೆಯಾಗಿ ಕಾಣುತ್ತದೆ. ಮೂಲ ಫೋಟೋ ಹಾಳಾಯಿತು ಎಂದು ಬೇರೆ ಹೇಳುತ್ತಾನೆ. ಗಾಬರಿಯಾದ ಛಾಯಾಗ್ರಾಹಕ, ಪ್ರಿಂಟ್ ತಿರುಗಿದೆ, ನೆಗೆಟಿವ್ ಇನ್ನೂ ಕ್ಯಾಮೆರಾದಲ್ಲೇ ಇದೆ ಎಂದು ಕೂಗಿ, ಕಪಾಟಿನಲ್ಲಿ ಸಾಲಾಗಿಟ್ಟ ಹಲವು ಕ್ಯಾಮೆರಾಗಳ ನಡುವಿನಿಂದ ಒಂದನ್ನು ಸರಿಯಾಗಿ ಎತ್ತಿಕೊಳ್ಳುತ್ತಾನೆ. ಆ ಫೋಟೋ ತೆಗೆದದ್ದು ಯಾವ ಕ್ಯಾಮೆರಾದಿಂದ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ತೆಗೆದವನಿಗೆ ಮಾತ್ರ ಅದು ಗೊತ್ತಿರಲು ಸಾಧ್ಯ. ಕೋಣೆಯಲ್ಲಿದ್ದ ಪೊಲೀಸರೆಲ್ಲ ಅದಕ್ಕೆ ಸಾಕ್ಷಿಗಳಾದರು.

ಕಂತು ಮುಗಿದ ಮೇಲೆ ಮಾಮಾ ಕೇಳಿದರು: "ಆ ಕಪಾಟಿನಲ್ಲಿ ಇದ್ದ ಉಳಿದ ಕ್ಯಾಮೆರಾಗಳನ್ನು ನೋಡಿದೆಯಾ?" ನಾನು ನೋಡಿರಲಿಲ್ಲ. "ನಾನೂ ಸುಮ್ಮನೆ ಹೆಸರು ಹೇಳುವುದಿಲ್ಲ. ನೀನೇ ನೋಡಿ ಹೇಳು. ಆದರೆ ಯಾಕೆ ಎಂದೂ ಹೇಳಬೇಕು" ಎಂದರು. ಅಲ್ಲಿಂದ ಶುರುವಾಯಿತು.

ಕ್ಯಾಮೆರಾದ ಮೇಲೆ ಬರೆದ ಹೆಸರು ಓದಿದರೆ ಮುಗಿಯಿತಲ್ಲ ಎಂದು ನಾನು ಅಂದುಕೊಂಡಿದ್ದೆ. ಹಾಗಲ್ಲ ಎಂದು ಬೇಗ ತಿಳಿಯಿತು. ಎಷ್ಟೋ ಸಲ ಹೆಸರೇ ಇರುವುದಿಲ್ಲ. ಹಿಚ್‌ಕಾಕ್ ಅವರ 'ರಿಯರ್ ವಿಂಡೋ' ಧಾರಾವಾಹಿಯಲ್ಲ, 1954ರ ಸಿನಿಮಾ. ಆದರೂ ಈ ಹವ್ಯಾಸದವರೆಲ್ಲ ಅದರಿಂದಲೇ ಪಾಠ ಶುರು ಮಾಡುತ್ತಾರೆ. ಅದರಲ್ಲಿ ನಾಯಕನ ಕ್ಯಾಮೆರಾದ ಹೆಸರಿನ ಮೇಲೆ ಕಪ್ಪು ಟೇಪ್ ಅಂಟಿಸಿದ್ದಾರೆ. ಆದರೂ ಅದು ಜರ್ಮನಿಯ ಡ್ರೆಸ್ಡೆನ್‌ನಲ್ಲಿ ತಯಾರಾದ ಎಕ್ಸಾಕ್ಟಾ ಎಂದು ತಿಳಿದವರು ಹೇಳಿಬಿಡುತ್ತಾರೆ. ಯಾಕೆಂದರೆ ಹೆಚ್ಚಿನ ಕ್ಯಾಮೆರಾಗಳಲ್ಲಿ ಬಲಗೈ ಕಡೆ ಇರುವ ಶಟರ್ ಗುಂಡಿ ಮತ್ತು ಫಿಲ್ಮ್ ತಿರುಗಿಸುವ ಸನ್ನೆ ಎಕ್ಸಾಕ್ಟಾದಲ್ಲಿ ಎಡಗೈ ಕಡೆ ಇವೆ. ಟೇಪ್ ಹೆಸರನ್ನು ಮುಚ್ಚಬಹುದು, ಗುಂಡಿಯ ಜಾಗವನ್ನು ಬದಲಿಸಲಾಗದು.

ಕೆಲವೊಮ್ಮೆ ಒಂದೇ ಕ್ಯಾಮೆರಾಕ್ಕೆ ಎರಡು ಹೆಸರು. ಜಪಾನಿನ ಅಸಾಹಿ ಪೆಂಟಾಕ್ಸ್ ಅಮೆರಿಕದಲ್ಲಿ ಹನಿವೆಲ್ ಪೆಂಟಾಕ್ಸ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. ಇನ್ನು ಕೆಲವೊಮ್ಮೆ ಹೆಸರೇ ಸುಳ್ಳು. ಸೋವಿಯತ್ ಒಕ್ಕೂಟದಲ್ಲಿ ಜರ್ಮನಿಯ ಲೈಕಾವನ್ನು ನೋಡಿ ಫೆಡ್, ಜೋರ್ಕಿ ಎಂಬ ಕ್ಯಾಮೆರಾಗಳನ್ನು ಮಾಡಿದರು. ಆಮೇಲೆ ಯಾರೋ ಅವುಗಳ ಮೇಲೆ 'ಲೈಕಾ' ಎಂದು ಕೆತ್ತಿಸಿ ಹೆಚ್ಚಿನ ಬೆಲೆಗೆ ಮಾರಿದರು. ಅಂಥ ನಕಲಿಗಳು ಇವತ್ತಿಗೂ ಮಾರುಕಟ್ಟೆಯಲ್ಲಿವೆ. ಅಂದರೆ ಹೆಸರು ಒಂದು ಸುಳಿವು ಅಷ್ಟೇ, ಪುರಾವೆ ಅಲ್ಲ.

ಪುರಾವೆ ಇರುವುದು ಆಕಾರದಲ್ಲಿ. ಮೇಲೆ ತ್ರಿಕೋನದ ಗೋಪುರದಂತೆ ಎದ್ದಿದ್ದರೆ, ಲೆನ್ಸ್ ಮೂಲಕವೇ ನೋಡುವ ಎಸ್‌ಎಲ್‌ಆರ್ ಇರಬಹುದು. 1959ರಲ್ಲಿ ಬಂದ ನಿಕಾನ್ ಎಫ್‌ನಲ್ಲಿ ಆ ಗೋಪುರದ ಮುಂಭಾಗದಲ್ಲಿ 'ಎಫ್' ಅಕ್ಷರ ಇರುತ್ತದೆ. ಗೋಪುರವಿಲ್ಲದೆ ಮುಂಭಾಗದಲ್ಲಿ ಸಣ್ಣ ಕಿಟಕಿಗಳು ಮಾತ್ರ ಇದ್ದರೆ ಲೈಕಾದಂಥ ರೇಂಜ್‌ಫೈಂಡರ್. ಒಂದರ ಮೇಲೊಂದು ಎರಡು ಲೆನ್ಸ್ ಇದ್ದು, ಫೋಟೋ ತೆಗೆಯುವವರು ತಲೆ ತಗ್ಗಿಸಿ ನೋಡುತ್ತಿದ್ದರೆ ರೋಲಿಫ್ಲೆಕ್ಸ್ ಅಥವಾ ಯಾಷಿಕಾ ಮ್ಯಾಟ್ ಜಾತಿಯದ್ದು. ತಲೆಯ ಮೇಲೆ ನಾಲ್ಕು ಮುಖದ ಪುಟ್ಟ ಫ್ಲಾಶ್ ಕ್ಯೂಬ್ ತಿರುಗುತ್ತಿದ್ದರೆ, ಆ ದೃಶ್ಯ ಚಿತ್ರೀಕರಣವಾದದ್ದು 1965ಕ್ಕಿಂತ ಮೊದಲಲ್ಲ, ಯಾಕೆಂದರೆ ಆ ಕ್ಯೂಬ್ ಬಂದದ್ದೇ ಆ ವರ್ಷ.

ಇಲ್ಲಿ ಒಂದು ಎಚ್ಚರಿಕೆ ಬೇಕು. 1954ರ ಲೈಕಾ ಎಂ3 ಕಂಡ ಮಾತ್ರಕ್ಕೆ ಕಥೆ 1954ರದ್ದು ಎನ್ನಲಾಗದು. ಹಳೇ ಕ್ಯಾಮೆರಾವನ್ನು ಜನ ಇಪ್ಪತ್ತು, ಮೂವತ್ತು ವರ್ಷ ಬಳಸುತ್ತಾರೆ. ಆದರೆ 1960ರ ಕಥೆ ಎಂದು ಹೇಳಿಕೊಳ್ಳುವ ಧಾರಾವಾಹಿಯಲ್ಲಿ 1967ರ ಲೈಕಾ ಎಂ4 ಕಂಡರೆ ಖಂಡಿತ ತಪ್ಪು. ಮೊಮ್ಮಗನ ಮದುವೆಯ ಫೋಟೋದಲ್ಲಿ ಅಜ್ಜ ಇರಬಹುದು, ಅಜ್ಜನ ಮದುವೆಯ ಫೋಟೋದಲ್ಲಿ ಮೊಮ್ಮಗ ಇರಲಾರ. ಒಂದು ವಸ್ತು ಏನನ್ನು ಸಾಬೀತು ಮಾಡುತ್ತದೆ ಎಂಬುದರ ಜೊತೆಗೆ ಏನನ್ನು ಸಾಬೀತು ಮಾಡುವುದಿಲ್ಲ ಎಂಬುದನ್ನೂ ಹೇಳಬೇಕು. ನನ್ನ ಮಟ್ಟಿಗೆ ಇದೇ ಈ ಹವ್ಯಾಸದ ದೊಡ್ಡ ಪಾಠ.

"ಇಷ್ಟೆಲ್ಲ ಯಾಕೆ? ಮೊಬೈಲಿನಲ್ಲಿ ಹುಡುಕಿದರೆ ಸೆಕೆಂಡಿನಲ್ಲಿ ಹೆಸರು ಬರುತ್ತದೆ" ಎಂದು ನೀವು ಕೇಳಬಹುದು. ಬರುತ್ತದೆ, ಕೆಲವೊಮ್ಮೆ ಸರಿಯಾಗಿಯೂ ಬರುತ್ತದೆ. ಆದರೆ ಅದು ಹೆಸರು ಹೇಳುತ್ತದೆಯೇ ಹೊರತು ಫೆಡ್ ಮತ್ತು ಲೈಕಾ ನಡುವಿನ ವ್ಯತ್ಯಾಸ ಎಲ್ಲಿದೆ ಎಂದು ನೋಡುವ ಕಣ್ಣನ್ನು ನಮಗೆ ಕೊಡುವುದಿಲ್ಲ. ಆ ಕಣ್ಣು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಾನೇ ಉದಾಹರಣೆ.

ಕಳೆದ ಮಳೆಗಾಲದಲ್ಲಿ ನಮ್ಮ ಕ್ಲಾಸ್ ಗ್ರೂಪಿಗೆ ಕುಸಿದ ಸೇತುವೆಯ ಒಂದು ಫೋಟೋ ಬಂತು. ಕೆಳಗೆ ನಮ್ಮೂರಿನ ಹತ್ತಿರದ ಸೇತುವೆಯ ಹೆಸರು, 'ಇಂದು ಬೆಳಿಗ್ಗೆ' ಎಂಬ ಎರಡು ಪದ. ನಾನು ಒಂದು ಕ್ಷಣವೂ ನೋಡದೆ ಇನ್ನೂ ಮೂರು ಗ್ರೂಪಿಗೆ ಕಳಿಸಿದೆ. ಆ ಸೇತುವೆ ದಾಟಿ ಕೆಲಸಕ್ಕೆ ಹೋಗುವ ತಂದೆ ಇರುವ ಒಬ್ಬ ಸಹಪಾಠಿ ತರಗತಿಯಲ್ಲೇ ಅಳಲು ಶುರು ಮಾಡಿದಳು. ಅವಳ ತಂದೆಯ ಫೋನ್ ಸಿಗಲು ಅರ್ಧ ಗಂಟೆ ಹಿಡಿಯಿತು. ಅವರು ಕ್ಷೇಮವಾಗಿದ್ದರು, ಸೇತುವೆಯೂ ಗಟ್ಟಿಯಾಗಿಯೇ ಇತ್ತು. ಸಂಜೆ ಆ ಫೋಟೋವನ್ನು ಮಾಮಾಗೆ ತೋರಿಸಿದೆ. ಅವರು ಕೆಳಗಿನ ಬರಹ ಓದಲೇ ಇಲ್ಲ. "ವಾಹನಗಳೆಲ್ಲ ರಸ್ತೆಯ ಬಲಕ್ಕಿವೆ, ನೋಡು" ಎಂದರು. ನಮ್ಮಲ್ಲಿ ವಾಹನ ಎಡಕ್ಕೆ ಹೋಗುತ್ತವೆ. "ಫೋಟೋ ತಿರುಗಿರಬಹುದಲ್ಲ, ಕೊಲಂಬೊ ಮಾಡಿದ ಹಾಗೆ?" ಎಂದು ನಾನು ಕೇಳಿದೆ. "ಒಳ್ಳೇ ಪ್ರಶ್ನೆ. ಹಾಗಾದರೆ ಅಂಗಡಿಯ ಬೋರ್ಡ್ ಓದು" ಎಂದರು. ಬೋರ್ಡಿನ ಇಂಗ್ಲಿಷ್ ಅಕ್ಷರಗಳು ನೆಟ್ಟಗೇ ಇದ್ದವು. ಫೋಟೋ ತಿರುಗಿರಲಿಲ್ಲ, ಅದು ನಮ್ಮ ದೇಶದ್ದೇ ಆಗಿರಲಿಲ್ಲ. ಇಷ್ಟನ್ನು ಬೆಳಿಗ್ಗೆ ನೋಡಲು ನನಗೆ ಒಂದು ನಿಮಿಷವೂ ಬೇಕಾಗಿರಲಿಲ್ಲ. ಮರುದಿನ ಅವಳಲ್ಲಿ ಕ್ಷಮೆ ಕೇಳಿದೆ. ಆ ಅರ್ಧ ಗಂಟೆಯನ್ನು ಮಾತ್ರ ವಾಪಸ್ ಕೊಡಲು ನನ್ನಿಂದಾಗಲಿಲ್ಲ.

ಫೋಟೋದ ಕೆಳಗಿನ ಬರಹವೂ ಕ್ಯಾಮೆರಾದ ಮೇಲಿನ ಹೆಸರಿನ ಹಾಗೆಯೇ. ಯಾರು ಬೇಕಾದರೂ ಕೆತ್ತಿಸಬಹುದು, ಯಾರು ಬೇಕಾದರೂ ಮುಚ್ಚಬಹುದು. ನಂಬಬೇಕಾದದ್ದು ಒಳಗಿರುವ ವಸ್ತುಗಳನ್ನು. ಇದನ್ನು ಸೇತುವೆ ಕುಸಿದ ಸುದ್ದಿ ಬಂದ ದಿನವೇ ಕಲಿಯಲು ಆಗುವುದಿಲ್ಲ. ಅವತ್ತು ಎಲ್ಲರಿಗೂ ಭಯ, ಅವಸರ. ಯಾರಿಗೂ ನೋವಾಗದ ಹಳೇ ಧಾರಾವಾಹಿಯ ಕ್ಯಾಮೆರಾದ ಮೇಲೆ ಅಭ್ಯಾಸ ಮಾಡಿಕೊಂಡರೆ, ಬೇಕಾದ ದಿನ ಕಣ್ಣು ತಾನಾಗಿ ಕೆಲಸ ಮಾಡುತ್ತದೆ.

ಆದ್ದರಿಂದ ನನ್ನದೊಂದು ಸಣ್ಣ ಕೋರಿಕೆ. ಲೈಬ್ರರಿಯ ಹೊರಗಿನ ನೋಟಿಸ್ ಬೋರ್ಡಿನ ಒಂದು ಮೂಲೆಯಲ್ಲಿ ವಾರಕ್ಕೊಂದು ಚಿತ್ರ ಹಾಕೋಣ. ಹಳೇ ಧಾರಾವಾಹಿಯ ದೃಶ್ಯವಾಗಲಿ, ಮನೆಯ ಆಲ್ಬಮ್ಮಿನ ಚೌಕಾಕಾರದ ಕಪ್ಪು ಬಿಳುಪು ಫೋಟೋವಾಗಲಿ. ಉತ್ತರ ಬರೆಯುವವರು ಮೂರು ಸಾಲು ಬರೆಯಬೇಕು: ನನಗೆ ಕಂಡದ್ದು ಏನು, ಅದರಿಂದ ತಿಳಿಯುವುದು ಏನು, ತಿಳಿಯದೇ ಉಳಿಯುವುದು ಏನು. ಬರೀ ಹೆಸರು ಬರೆದವರಿಗೆ ಬಹುಮಾನ ಬೇಡ. ಮೂರನೆಯ ಸಾಲನ್ನು ಪ್ರಾಮಾಣಿಕವಾಗಿ ಬರೆದವರಿಗೆ ಕೊಡೋಣ. ಮೊದಲ ಚಿತ್ರ ತರುವ ಜವಾಬ್ದಾರಿ ನನ್ನದು.