ಗುಂಡಿಗೂ ಒಂದು ಕಡತ ಬೇಕು

2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪೊಂದು ಬೆಂಗಳೂರಿನಲ್ಲಿ ಹೊಸದಾಗಿ ಮನೆ ಕಟ್ಟಿದವರ ನಿದ್ದೆ ಕೆಡಿಸಿತು. ಸ್ವಾಧೀನಾನುಭವ ಪತ್ರ (ಒಸಿ) ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು, ಒಳಚರಂಡಿ ಸಂಪರ್ಕ ಕೊಡಕೂಡದು ಎಂಬುದು ಅದರ ಸಾರ. ಪ್ರಕರಣ ಉತ್ತರ ಪ್ರದೇಶದ್ದಾದರೂ ಬಿಸಿ ಹೆಚ್ಚು ತಟ್ಟಿದ್ದು ಇಲ್ಲಿ. ಗೃಹಪ್ರವೇಶ ಮುಗಿಸಿದವರೂ ತಾತ್ಕಾಲಿಕ ಮೀಟರಿನಲ್ಲೇ ದಿನ ದೂಡಬೇಕಾಯಿತು. ಕೂಗು ಜೋರಾದ ಮೇಲೆ, 2025ರ ಅಕ್ಟೋಬರ್‌ನಲ್ಲಿ, 1,200 ಚದರಡಿವರೆಗಿನ ನಿವೇಶನದ ಮನೆಗಳಿಗೆ ಸರ್ಕಾರ ಒಸಿಯಿಂದ ವಿನಾಯಿತಿ ಕೊಟ್ಟಿತು. ಮೂವತ್ತು ನಲವತ್ತರ ಸೈಟುಗಳ ಊರಿಗೆ ಅದು ಬೇಕಾಗಿದ್ದ ನಿರ್ಧಾರವೇ. ಆದರೆ ಈ ಗದ್ದಲದುದ್ದಕ್ಕೂ ಕೇಳಿದ್ದು ಮೀಟರಿನ ಮಾತು, ನಲ್ಲಿಯ ಮಾತು. ಮನೆಯ ಕೊಳಚೆ ಎಲ್ಲಿಗೆ ಹೋಗಬೇಕು ಎಂಬ ಮಾತು ಎತ್ತಿದವರು ಕಡಿಮೆ.

ಕರೆಂಟಿಲ್ಲದೆ ಒಂದು ರಾತ್ರಿ ಕಳೆಯುವುದೂ ಕಷ್ಟ. ಒಳಚರಂಡಿ ಇಲ್ಲದೆ ವರ್ಷಗಟ್ಟಲೆ ಇರಬಹುದು, ಗೇಟಿನ ಪಕ್ಕ ಗುಂಡಿ ತೋಡಿದರಾಯಿತು. ಕೆಂಗೇರಿ ದಾಟಿ ಕೊಮ್ಮಘಟ್ಟ, ಸೂಲಿಕೆರೆ, ರಾಮಸಂದ್ರದ ಕಡೆಗೆ, ಉಲ್ಲಾಳದ ಅಂಚಿನ ರೆವಿನ್ಯೂ ಬಡಾವಣೆಗಳ ಕಡೆಗೆ ಹೋಗಿ ನೋಡಿ. ಮನೆಗಳು ಮೂರು ಮಹಡಿ ಎದ್ದಿವೆ, ಮೆಟ್ರೊ ಹತ್ತಿರಕ್ಕೆ ಬಂದಿದೆ, ನೆಲದ ಕೆಳಗೆ ಮಾತ್ರ ಸಿಮೆಂಟ್ ರಿಂಗುಗಳ ಗುಂಡಿಗಳು.

ಈ ಗುಂಡಿ ಏನೆಂಬುದನ್ನು ಸರಿಯಾಗಿ ತಿಳಿಯಬೇಕು. ಮನೆಯ ನಕ್ಷೆಯಲ್ಲಿ ಸೆಪ್ಟಿಕ್ ಟ್ಯಾಂಕ್ ಎಂದು ಒಂದು ಚೌಕ ಬರೆದಿರುತ್ತಾರೆ. ನಿಜವಾದ ಸೆಪ್ಟಿಕ್ ಟ್ಯಾಂಕಿಗೆ ತಳವಿರುತ್ತದೆ, ನೀರು ಸೋರದಂತೆ ಗಿಲಾವು ಮಾಡಿದ ಗೋಡೆಯಿರುತ್ತದೆ, ಮಲ ತಳಕ್ಕೆ ಇಳಿದು ತಿಳಿನೀರು ಮಾತ್ರ ಮುಂದಕ್ಕೆ ಹೋಗುವಂಥ ಅಡ್ಡಗೋಡೆಯಿರುತ್ತದೆ. ಹೊರಬಂದ ನೀರನ್ನು ಇಂಗಿಸಲು ಬೇರೆ ಇಂಗುಗುಂಡಿ ಬೇಕು, ಮೂರು ವರ್ಷಕ್ಕೊಮ್ಮೆಯಾದರೂ ತಳದ ಕೆಸರು ತೆಗೆಸಬೇಕು. ಇದಕ್ಕೆ ಐಎಸ್ 2470 ಎಂಬ ಮಾನಕವೇ ಇದೆ. ನಾವು ತೋಡಿಸುವ ರಿಂಗಿನ ಗುಂಡಿಗೆ ತಳವೇ ಇಲ್ಲ. ಬಿದ್ದದ್ದೆಲ್ಲ ನೆಲಕ್ಕೆ ಇಂಗುತ್ತದೆ. ಬೇಗ ತುಂಬದಿದ್ದರೆ ಗುಂಡಿ ಒಳ್ಳೆಯದು ಎಂದು ಮೇಸ್ತ್ರಿ ಹೊಗಳುತ್ತಾನೆ, ಮನೆಯವರೂ ಸಮಾಧಾನಪಡುತ್ತಾರೆ. ತುಂಬದ ಗುಂಡಿಯಿಂದ ಇಳಿದದ್ದು ಅಕ್ಕಪಕ್ಕದ ಬೋರ್‌ವೆಲ್ ಸೇರುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಎಂದು ಭಾರತೀಯ ಮಾನಕ ಹೇಳುತ್ತದೆ. ಗುಂಡಿಯೂ ಬೋರ್‌ವೆಲ್ಲೂ ಒಂದೇ ಮೂವತ್ತು ನಲವತ್ತರ ಸೈಟಿನಲ್ಲಿ ಇದ್ದರೆ ಆ ಮಿತಿ ಕಾಯುವವರು ಯಾರು?

ಯಾರೂ ಇಲ್ಲ. ಈ ವಿಷಯದಲ್ಲಿ ನನ್ನ ಮುಖ್ಯ ದೂರು ಇದೇ. ನಕ್ಷೆ ಮಂಜೂರು ಮಾಡುವ ಪಾಲಿಕೆ ಅಥವಾ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಆ ಚೌಕವನ್ನು ಕಾಗದದಲ್ಲಿ ನೋಡುತ್ತದೆ, ನೆಲದಲ್ಲಿ ನೋಡುವುದಿಲ್ಲ. ಜಲಮಂಡಳಿಯ ಕೆಲಸ ತನ್ನ ಲೈನು ಇರುವಲ್ಲಿಗೆ ನಿಲ್ಲುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಕಣ್ಣು ಕಾರ್ಖಾನೆ ಮತ್ತು ದೊಡ್ಡ ಅಪಾರ್ಟ್‌ಮೆಂಟ್‌ಗಳ ಮೇಲೆ. ಗುಂಡಿ ತುಂಬಿದಾಗ ಬರುವ ಸಕ್ಕಿಂಗ್ ಮಷಿನ್ ಖಾಸಗಿಯದು. ಅದರ ಫೋನ್ ನಂಬರು ಕಾಂಪೌಂಡ್ ಗೋಡೆಗಳ ಮೇಲೆ ಬರೆದಿರುತ್ತದೆ. ಆ ಲಾರಿ ತುಂಬಿಕೊಂಡದ್ದನ್ನು ನಗರದ ಹೊರಗಿನ ಕೆಲವು ರೈತರು ಗೊಬ್ಬರಕ್ಕೆಂದು ಹೊಲಕ್ಕೆ ಹಾಕಿಸಿಕೊಳ್ಳುತ್ತಾರೆ. ಉಳಿದದ್ದು ಕತ್ತಲಾದ ಮೇಲೆ ರಾಜಕಾಲುವೆಗೆ ಇಳಿಯುತ್ತದೆ. ಪಶ್ಚಿಮ ಬೆಂಗಳೂರಿನ ರಾಜಕಾಲುವೆಗಳೆಲ್ಲ ಬಹುತೇಕ ವೃಷಭಾವತಿಗೆ ಸೇರುವಂಥವು. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯ ಬದಿ, ನಾಯಂಡಹಳ್ಳಿ, ಕೆಂಗೇರಿ ದಾಟಿ ಆ ನೀರು ಬಿಡದಿ ಬಳಿಯ ಬೈರಮಂಗಲ ಕೆರೆಗೆ ಹೋಗುತ್ತದೆ. ಅಲ್ಲಿನ ಗದ್ದೆ ತೋಟಗಳಿಗೆ ಹರಿದು, ಅರ್ಕಾವತಿಗೆ ಕೂಡಿ, ಸಂಗಮದಲ್ಲಿ ಕಾವೇರಿಗೇ ಸೇರುತ್ತದೆ.

ಅಮೆರಿಕದಲ್ಲಿ ಊರಿನ ಒಳಚರಂಡಿ ತಲುಪದ ಕಡೆ ಮನೆ ಕಟ್ಟುವವರು ಸಾಮಾನ್ಯವಾಗಿ ಕೌಂಟಿಯ ಆರೋಗ್ಯ ಇಲಾಖೆಗೆ ಅರ್ಜಿ ಹಾಕಬೇಕು. ಅಲ್ಲಿನ ಮಣ್ಣು ಎಷ್ಟು ನೀರು ಹೀರುತ್ತದೆಂದು ಪರೀಕ್ಷೆಯಾಗುತ್ತದೆ, ಬಾವಿಯಿಂದ ಎಷ್ಟು ದೂರ ಎಂದು ಅಳೆಯುತ್ತಾರೆ, ಟ್ಯಾಂಕು ಮುಚ್ಚುವ ಮೊದಲು ಇನ್‌ಸ್ಪೆಕ್ಟರ್ ಬಂದು ನೋಡುತ್ತಾರೆ. ಅಲ್ಲೂ ಜನ ದೂರುತ್ತಾರೆ: ತಡ ಮಾಡಿದರು, ಶುಲ್ಕ ಹೆಚ್ಚು, ಒಬ್ಬರಿಗೆ ಒಂದು ನಿಯಮ ಇನ್ನೊಬ್ಬರಿಗೆ ಇನ್ನೊಂದು ಎಂದು. ಆ ದೂರುಗಳು ನ್ಯಾಯವಾದವೇ ಇರಬಹುದು. ಆದರೆ ಯಾವ ಮೇಜಿನ ಮುಂದೆ ನಿಂತು ಕೇಳಬೇಕು ಎಂಬುದು ಅಲ್ಲಿನವರಿಗೆ ಗೊತ್ತು. ನಮ್ಮವರಿಗೆ ಆ ಮೇಜೇ ಸಿಗುತ್ತಿಲ್ಲ.

ಇದೇ ಕೆಂಗೇರಿ ಕಡೆಯ ನಾಡಪ್ರಭು ಕೆಂಪೇಗೌಡ ಬಡಾವಣೆಯನ್ನೇ ತೆಗೆದುಕೊಳ್ಳಿ. ಇದು ಕಂದಾಯ ಭೂಮಿಯಲ್ಲಿ ಯಾರೋ ಕದ್ದುಮುಚ್ಚಿ ಮಾಡಿದ ಬಡಾವಣೆಯಲ್ಲ. ಬಿಡಿಎ 12 ಹಳ್ಳಿಗಳ ಜಮೀನಿನಲ್ಲಿ ರೂಪಿಸಿ, 2016ರಲ್ಲಿ ಒಮ್ಮೆ, 2018ರಲ್ಲಿ ಇನ್ನೊಮ್ಮೆ ಸೈಟು ಹಂಚಿದ ಬಡಾವಣೆ. ಮೂಲಸೌಕರ್ಯವನ್ನು 2021ರ ಅಂತ್ಯಕ್ಕೆ ಮುಗಿಸುವುದಾಗಿ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ (ರೇರಾ) ಮುಂದೆ ಹೇಳಿದ್ದು ಬಿಡಿಎಯೇ. ಗಡುವು ಕಳೆದು ವರ್ಷಗಳಾದರೂ ಕೆಲಸ ಮುಗಿಯಲಿಲ್ಲ. ಸೈಟು ಪಡೆದವರು ನಿಗದಿತ ಅವಧಿಯಲ್ಲಿ ಮನೆ ಕಟ್ಟಬೇಕೆಂಬ ಷರತ್ತು ಮಾತ್ರ ಒಪ್ಪಂದದಲ್ಲಿದೆ. ಸಾಲ ಮಾಡಿ ಕಟ್ಟಿದ ಮೊದಲ ಮನೆಗಳವರಿಗೆ ಟ್ಯಾಂಕರ್ ನೀರು ಮತ್ತು ಸ್ವಂತ ಗುಂಡಿಯೇ ಗತಿಯಾಯಿತು. ಪೈಪು ಹಾಕಿರುವ ಬಿಡಿಎ ಬಡಾವಣೆಗಳಲ್ಲೂ ನಿವಾಸಿಗಳು ಕೇಳುವ ಉತ್ತರ ಒಂದೇ: ಲೈನು ಇನ್ನೂ ಜಲಮಂಡಳಿಗೆ ಹ್ಯಾಂಡೋವರ್ ಆಗಿಲ್ಲ. ಬಿಡಿಎಗೆ ಹೋದರೆ ನಮ್ಮ ಕೆಲಸ ಮುಗಿದಿದೆ ಎನ್ನುತ್ತಾರೆ. ಜಲಮಂಡಳಿಯ ಸೇವಾ ಠಾಣೆಗೆ ಹೋದರೆ ನಮ್ಮ ವ್ಯಾಪ್ತಿಗೆ ಬಂದಿಲ್ಲ ಎನ್ನುತ್ತಾರೆ. ಮಂಡಳಿಯ ಸಹಾಯವಾಣಿ 1916ಕ್ಕೆ ಫೋನ್ ಮಾಡಿದರೆ ದೂರು ದಾಖಲಾಗುತ್ತದೆ, ಆಮೇಲೆ ಪರಿಹರಿಸಲಾಗಿದೆ ಎಂಬ ಸಂದೇಶ ಬರುತ್ತದೆ. ಗುಂಡಿ ತುಂಬಿಯೇ ಇರುತ್ತದೆ.

ಕೆಂಗೇರಿ ತಾನೇ ಒಂದು ಪುರಸಭೆಯಾಗಿತ್ತು. 2007ರಲ್ಲಿ ಏಳು ನಗರಸಭೆ ಮತ್ತು 110 ಹಳ್ಳಿಗಳ ಜೊತೆ ಅದನ್ನೂ ಬಿಬಿಎಂಪಿಗೆ ಸೇರಿಸಿದರು. ತೆರಿಗೆ ಬೆಂಗಳೂರಿನ ದರಕ್ಕೆ ಏರಿತು, ನೆಲದ ಕೆಳಗಿನ ಪೈಪು ಅದೇ ವೇಗದಲ್ಲಿ ಬರಲಿಲ್ಲ. 110 ಹಳ್ಳಿಗಳಿಗಾಗಿಯೇ ರೂಪಿಸಿದ ಕಾವೇರಿ ನೀರು ಯೋಜನೆಯ ಐದನೇ ಹಂತ 2024ರ ಅಕ್ಟೋಬರ್ 16ರಂದು ತೊರೆಕಾಡನಹಳ್ಳಿಯಲ್ಲಿ ಉದ್ಘಾಟನೆಯಾಯಿತು. ದಿನಕ್ಕೆ 77.5 ಕೋಟಿ ಲೀಟರ್ ನೀರು. ಮನೆಗೆ ಬಂದ ನೀರಿನ ನೂರರಲ್ಲಿ ಎಂಬತ್ತು ಪಾಲು ಕೊಳಚೆಯಾಗಿ ಹೊರಹೋಗುತ್ತದೆ ಎಂಬುದು ಒಳಚರಂಡಿ ಎಂಜಿನಿಯರುಗಳು ಹಿಡಿಯುವ ಲೆಕ್ಕ. ಹಾಗಾದರೆ ಪೂರ್ತಿ ನೀರು ಹರಿದ ದಿನ 62 ಕೋಟಿ ಲೀಟರ್ ಕೊಳಚೆಗೆ ದಾರಿ ಬೇಕು. ಟ್ಯಾಂಕರ್ ನೀರನ್ನು ಅಳೆದು ಬಳಸುತ್ತಿದ್ದಾಗ ತಿಂಗಳುಗಟ್ಟಲೆ ತಡೆದ ಗುಂಡಿ, ನಲ್ಲಿ ತಿರುಗಿಸಿದ ಮೇಲೆ ವಾರಗಳಲ್ಲಿ ಉಕ್ಕುತ್ತದೆ. ನೀರಿನ ಸಂಪರ್ಕ ಪಡೆಯಿರಿ ಎಂದು ಅಭಿಯಾನ ಮಾಡುವಾಗಲೇ ಯಾವ ಬೀದಿಯಲ್ಲಿ ಸ್ಯಾನಿಟರಿ ಲೈನು ಕೆಲಸ ಮಾಡುತ್ತಿದೆ, ಯಾವುದರಲ್ಲಿ ಇಲ್ಲ ಎಂದು ಹೇಳಬೇಕಿತ್ತು.

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ತೊಂದರೆ ಬೇರೆ. ಅಲ್ಲಿ ಲೈನಿದೆ, ಆದರೆ ಒಂದು ಕುಟುಂಬದ ಲೆಕ್ಕಕ್ಕೆ ಹಾಕಿದ್ದು. ಅದೇ ಸೈಟಿನಲ್ಲಿ ಈಗ ನಾಲ್ಕು ಮಹಡಿ, ಪಿಜಿಗಳು. ತಾರಸಿಯ ಮಳೆನೀರನ್ನೂ ಕದ್ದು ಅದೇ ಚೇಂಬರಿಗೆ ಬಿಟ್ಟಿರುವುದರಿಂದ ಮಳೆ ಬಂದರೆ ಮ್ಯಾನ್‌ಹೋಲ್ ಮುಚ್ಚಳ ಮೇಲೆದ್ದು ತಗ್ಗಿನ ಮನೆಗೆ ಕೊಳಚೆ ನುಗ್ಗುತ್ತದೆ. ಇದರಲ್ಲಿ ನಾಗರಿಕರ ತಪ್ಪಿದೆ. ರಾತ್ರಿ ಪೈಪು ಎಳೆದು ಮಳೆ ಚರಂಡಿಗೆ ಶೌಚದ ನೀರು ಬಿಟ್ಟವರನ್ನು ನಾನು ಸಮರ್ಥಿಸಲಾರೆ. ಇಕ್ಕಟ್ಟಾದ ಗಲ್ಲಿಯಲ್ಲಿ ಎಲ್ಲಿ ಯಾರ ಕೇಬಲ್ಲಿದೆ ಎಂದು ತಿಳಿಯದೆ ಅಗೆಯಬೇಕಾದ ಎಂಜಿನಿಯರನ ಕಷ್ಟವೂ ಸಣ್ಣದಲ್ಲ. ಆದರೆ ಅರ್ಜಿ, ಖಾತಾ, ನಕ್ಷೆ, ಪರವಾನಗಿ ಇರುವ ಪ್ಲಂಬರ್, ರಸ್ತೆ ಅಗೆಯಲು ಪಾಲಿಕೆಯ ಪ್ರತ್ಯೇಕ ಅನುಮತಿ ಎಂದು ಸಕ್ರಮ ದಾರಿ ಇಷ್ಟು ಉದ್ದವಾದರೆ, ಅಕ್ರಮದ ದಾರಿ ಹಿಡಿಯುವವರ ಸಂಖ್ಯೆ ಬೆಳೆಯುತ್ತದೆ. ಸಕ್ರಮದ ದಾರಿಯನ್ನು ಮೋಟು ಮಾಡುವುದು ಆಡಳಿತದ ಕೈಯಲ್ಲಿದೆ.

ಗುಂಡಿಯ ಲೆಕ್ಕ ಇಡದಿರುವುದರಿಂದ ಅತಿ ದೊಡ್ಡ ಪೆಟ್ಟು ಬೀಳುವುದು ಮನೆಯವರ ಮೇಲಲ್ಲ, ಒಳಗೆ ಇಳಿಯುವವರ ಮೇಲೆ. ರಕ್ಷಣೆಯಿಲ್ಲದೆ ಮನುಷ್ಯರನ್ನು ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಕರೆಸುವ ಮನೆಯ ಯಜಮಾನನಿಗೂ ಆ ನಿಷೇಧ ಅನ್ವಯಿಸುತ್ತದೆ. 2023ರ ಅಕ್ಟೋಬರ್ 20ರಂದು ಸುಪ್ರೀಂ ಕೋರ್ಟ್ ಇಂಥ ಸಾವಿನ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಆದರೂ ಮಷಿನಿನ ಪೈಪು ತಲುಪದ ಮೂಲೆಯ ಕೆಸರು ತೆಗೆಯಲು ಒಬ್ಬನನ್ನು ಇಳಿಸುವ ಪದ್ಧತಿ ನಿಂತಿಲ್ಲ. ಗುಂಡಿಯೊಳಗೆ ಕಟ್ಟಿಕೊಂಡ ಅನಿಲಕ್ಕೆ ಎಚ್ಚರ ತಪ್ಪಲು ಹೆಚ್ಚು ಹೊತ್ತು ಬೇಕಿಲ್ಲ. ಎಲ್ಲಿ ಎಂಥ ಗುಂಡಿಯಿದೆ, ಅದನ್ನು ತೆರೆದವರು ಯಾರು ಎಂಬ ದಾಖಲೆಯೇ ಇಲ್ಲದಿದ್ದರೆ ಯಾವ ಕಾಯ್ದೆಯನ್ನು ಯಾರ ಮೇಲೆ ಹಾಕುತ್ತೀರಿ?

ದಾರಿ ತೋರಿದವರು ದೂರದಲ್ಲಿಲ್ಲ. ದೇವನಹಳ್ಳಿಯಲ್ಲಿ 2015ರಿಂದಲೇ ಮಲಕೆಸರು ಸಂಸ್ಕರಣಾ ಘಟಕವಿದೆ. ಪಟ್ಟಣಮಟ್ಟದಲ್ಲಿ ದೇಶಕ್ಕೇ ಮೊದಲನೆಯದು. ಗುಂಡಿಗಳಿಂದ ಲಾರಿ ತಂದದ್ದನ್ನು ಅಲ್ಲಿ ಒಣಗಿಸಿ ಗೊಬ್ಬರ ಮಾಡುವ ವ್ಯವಸ್ಥೆಯಿದೆ. ಅದನ್ನು ರೂಪಿಸಿದ ಸಿಡಿಡಿ ಸೊಸೈಟಿಯ ನೆಲೆ ಇರುವುದು ಕೆಂಗೇರಿ ಉಪನಗರದ ಬಂಡೇಮಠದ ಬೀಡಿ ಕಾರ್ಮಿಕರ ಕಾಲೊನಿಯ ಪಕ್ಕದಲ್ಲೇ. ಇಷ್ಟು ಹತ್ತಿರ ಇರುವ ಅನುಭವವನ್ನು ಪಶ್ಚಿಮ ಬೆಂಗಳೂರು ಬಳಸಿಕೊಳ್ಳದಿರುವುದು ನನಗೆ ಅರ್ಥವಾಗುವುದಿಲ್ಲ.

2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಐದು ಪಾಲಿಕೆಗಳಾಗಿ ಒಡೆಯಿತು. ಪಶ್ಚಿಮ ನಗರ ಪಾಲಿಕೆ ಹೊಸದಾಗಿ ಕಡತ ತೆರೆಯುತ್ತಿರುವ ಕಾಲದಲ್ಲೇ ಗುಂಡಿಗೂ ಒಂದು ಕಡತ ತೆರೆಯಲಿ. ಲೈನಿಲ್ಲದ ಬೀದಿಗಳ ಪಟ್ಟಿಯನ್ನು ಜಲಮಂಡಳಿಯ ಜೊತೆ ಕೂತು ಮಾಡಿ ವಾರ್ಡ್ ಕಚೇರಿಯಲ್ಲಿ ಅಂಟಿಸಲಿ. ಸಕ್ಕಿಂಗ್ ಮಷಿನ್‌ಗಳನ್ನು ನೋಂದಾಯಿಸಿ, ಎಲ್ಲಿ ಸುರಿಯಬೇಕೆಂದು ಗೊತ್ತುಮಾಡಿ, ಸುರಿದದ್ದಕ್ಕೆ ರಸೀದಿ ಕೊಡಿಸಲಿ. ಹೊಸ ಮನೆಗೆ ರಿಂಗಿನ ಗುಂಡಿಯ ಬದಲು ತಳವಿರುವ ಟ್ಯಾಂಕೇ ಆಗಬೇಕು, ಮುಚ್ಚುವ ಮುಂಚೆ ಒಬ್ಬರು ಬಂದು ನೋಡಿ ಸಹಿ ಹಾಕಬೇಕು.

ಇನ್ನೊಂದು ಕೆಲಸಕ್ಕೆ ಹೊಸ ಹಣವೂ ಬೇಡ, ಹೊಸ ಕಾನೂನೂ ಬೇಡ. 2012ರಿಂದ ಜಾರಿಯಲ್ಲಿರುವ ಸಕಾಲ ಕಾಯ್ದೆಯಡಿ ಅರ್ಜಿ ಸ್ವೀಕರಿಸಿದ ಕೂಡಲೇ ಹದಿನೈದು ಅಂಕಿಯ ಸಂಖ್ಯೆ ಕೊಡಬೇಕು, ಗಡುವಿನೊಳಗೆ ಸೇವೆ ಕೊಡಬೇಕು ಅಥವಾ ಕಾರಣ ಬರೆದು ತಿರಸ್ಕರಿಸಬೇಕು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರವೂ ಇದೆ. ಒಳಚರಂಡಿ ಕೇಳಲು ಹೋದವರಿಗೆ ಮಾತ್ರ ಕೌಂಟರಿನಲ್ಲೇ ಬಾಯಿಮಾತಿನ ಉತ್ತರ ಸಿಗುತ್ತದೆ: ಲೈನು ಬಂದಿಲ್ಲ, ಬಂದಮೇಲೆ ಬನ್ನಿ. ಅರ್ಜಿಯೇ ಹುಟ್ಟದ ಮೇಲೆ ಗಡುವಿಲ್ಲ, ಮೇಲ್ಮನವಿಯಿಲ್ಲ, ದಾಖಲೆಯಲ್ಲಿ ವಿಳಂಬವೂ ಇಲ್ಲ. ಲೈನಿಲ್ಲ ಎನ್ನುವುದಾದರೆ ಅದನ್ನೇ ಅರ್ಜಿಯ ಮೇಲೆ ಬರೆದು, ಯಾವ ಇಲಾಖೆಯಿಂದ ಯಾವ ಕೆಲಸ ಬಾಕಿ ಎಂದು ಸೇರಿಸಿ, ಸಹಿ ಮತ್ತು ಸಂಖ್ಯೆ ಸಮೇತ ಕೊಡಲಿ. ಸೂಲಿಕೆರೆಯ ನಿವಾಸಿಗಳು ರೇರಾಕ್ಕೋ ಹೈಕೋರ್ಟಿಗೋ ಹೋಗುವಾಗ ಕೈಯಲ್ಲಿ ಹಿಡಿಯಲು ಆ ಒಂದು ಕಾಗದ ಸಾಕು.