ಮನೆಗೆಲಸದ ಮಾತು: ಲ್ಯಾಕರ್ ಬಣ್ಣಕ್ಕೆ ತಕ್ಕ ದ್ರಾವಕ

ಕಳೆದ ಶ್ರಾವಣದಲ್ಲಿ ನನ್ನ ಮೊಮ್ಮಗನು, ಎರಡು ತಿಂಗಳು ಕುಳಿತು ಜೋಡಿಸಿದ ಪ್ಲಾಸ್ಟಿಕ್ಕಿನ ಪುಟ್ಟ ಉಗಿಬಂಡಿಗೆ ಏರ್‌ಬ್ರಷ್ ಎಂಬ ಗಾಳಿಕುಂಚದಿಂದ ಕರಿಯ ಲ್ಯಾಕರ್ ಬಣ್ಣವನ್ನು ಹೊಡೆಯಲು ಅಣಿಯಾದನು. ಬಣ್ಣವು ಗಟ್ಟಿಯಾಗಿದ್ದಿತು. ಬಾಗಿಲಿಗೆ ಬಳಿದು ಉಳಿದಿದ್ದ ಟರ್ಪೆಂಟೈನ್ ಬೆರೆಸೆಂದು ಹೇಳಿದವನು ನಾನೇ. ಗಳಿಗೆಯೊಳಗೆ, "ಅಜ್ಜಾ, ಬಣ್ಣ ಮೊಸರಿನಂಗ ಒಡದೈತಿ" ಎಂದು ಬಟ್ಟಲನ್ನು ಮುಂದೆ ಹಿಡಿದನು. ನನ್ನ ಪಾಂಡಿತ್ಯವು ತಲೆ ತಗ್ಗಿಸಬೇಕಾಯಿತು.

ವಾಚಕರೇ, ಲ್ಯಾಕರ್ ಎಂಬ ಶಬ್ದದ ಬೇರು ಸಂಸ್ಕೃತದ ಲಾಕ್ಷಾ, ಅಂದರೆ ಅರಗು. ಪಾಂಡವರನ್ನು ಸುಡಲು ಕಟ್ಟಿಸಿದ ಮನೆಯೂ ಅದರದೇ. ಚೆನ್ನಪಟ್ಟಣದ ಆಟಿಗೆಗಾರರು ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನೊತ್ತಿ, ತಿಕ್ಕಾಟದ ಕಾವಿನಿಂದಲೇ ಅದನ್ನು ಕರಗಿಸಿ ಹಚ್ಚುವರು. ಅವರಿಗೆ ದ್ರಾವಕದ ಹಂಗಿಲ್ಲ. ಪಾಲಿಶ್ ಮಾಡುವ ಬಡಗಿಯು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸುವನು. ಆದರೆ ಇಂದು ಡಬ್ಬಿಯಲ್ಲಿ ಬರುವ ಲ್ಯಾಕರಿನಲ್ಲಿ ಅರಗು ಬಹುಮಟ್ಟಿಗೆ ಹೆಸರಿಗೆ ಮಾತ್ರ; ಒಳಗಿರುವದು ನೈಟ್ರೋಸೆಲ್ಯುಲೋಸ್ ಇಲ್ಲವೆ ಅಕ್ರಿಲಿಕ್ ರಾಳ. ಅದನ್ನು ಕರಗಿಸತಕ್ಕವು ಅಸಿಟೋನ್, ಬ್ಯುಟೈಲ್ ಅಸಿಟೇಟ್ ಮೊದಲಾದವುಗಳ ಮಿಶ್ರಣವಾದ ಲ್ಯಾಕರ್ ತಿನ್ನರ್. ಟರ್ಪೆಂಟೈನ್ ಎನಾಮೆಲ್ ಬಣ್ಣದ ನೆಂಟನು.

ಮರುದಿನ ರಾಣೇಬೆನ್ನೂರಿನಿಂದ ತಿನ್ನರ್ ಬಂದಿತು. ಆದರೂ ಕರಿಯ ಬಂಡಿಯ ಮೇಲೆ ಬೂದಿ ಬಳಿದಂತೆ ಬಿಳುಪೇರಿತು! ಬಣ್ಣ ಕೆಟ್ಟದ್ದೆಂದು ಹುಡುಗನು ಅಳುವಷ್ಟಾದನು. ತಪ್ಪು ಬಣ್ಣದ್ದಲ್ಲ, ಮಳೆಯ ದಿನದ್ದು. ಮಣ್ಣಿನ ಗಡಿಗೆಯ ನೀರು ಆರುತ್ತ ಗಡಿಗೆಯನ್ನು ತಣ್ಣಗಾಗಿಸುವದಿಲ್ಲವೇ? ಹಾಗೆಯೇ ಬೇಗ ಆರುವ ತಿನ್ನರು ಬಣ್ಣದ ಮೈಯ ಕಾವನ್ನು ಕಸಿದುಕೊಳ್ಳುವದು; ತಣಿದ ಮೈಮೇಲೆ ಗಾಳಿಯ ತೇವವು ಇಬ್ಬನಿಯಾಗಿ ಕೂಡ್ರುವದು. ಅಸಿಟೋನ್ 56 ಡಿಗ್ರಿಗೆ ಕುದಿದರೆ ಬ್ಯುಟೈಲ್ ಅಸಿಟೇಟ್ 126ಕ್ಕೆ ಕುದಿಯುವದು. ಎರಡನೆಯಂಥ ನಿಧಾನಿಗಳು ಹೆಚ್ಚಾಗಿರುವ ತಿನ್ನರನ್ನು ರಿಟಾರ್ಡರ್ ಎಂದು ಕೇಳಿ ಕೊಳ್ಳತಕ್ಕದ್ದು. ನಮ್ಮ ಮೇಡ್ಲೇರಿಯ ಬೇಸಗೆಗೂ ಅದೇ ಲೇಸು. ಬಿರುಬಿಸಿಲಿನಲ್ಲಿ ತ್ವರೆಯ ತಿನ್ನರು ನಡುಗಾಳಿಯಲ್ಲೇ ಆರಿ, ಬಣ್ಣವು ಧೂಳಾಗಿ ಬಿದ್ದು ಮೈ ಒರಟಾಗುವದು. ಪುಷ್ಯ, ಮಾಘದ ಒಣಚಳಿಯಲ್ಲಿ ಮಾತ್ರ ತ್ವರೆಯದಕ್ಕೆ ಎಡೆಯುಂಟು.

ಬಣ್ಣವು ಹಾಲಿನಷ್ಟು ತೆಳುವಾಗಲಿ. ಒಂದು ಪಾಲು ಬಣ್ಣಕ್ಕೆ ಒಂದೂವರೆ, ಎರಡು ಪಾಲು ತಿನ್ನರ್ ಸಾಮಾನ್ಯವಾಗಿ ಸಾಕು. ವಾಹನಗಳಿಗೆಂದು ಮಾರುವ ತೀಕ್ಷ್ಣ ತಿನ್ನರು ಪ್ಲಾಸ್ಟಿಕ್ಕನ್ನೇ ಮೆದುಗೊಳಿಸೀತು. ಅದು ಕುಂಚ ತೊಳೆಯಲಿಕ್ಕಿರಲಿ. ಮೊದಲು ಹಳೆಯ ಪ್ಲಾಸ್ಟಿಕ್ ಚಮಚದ ಮೇಲೆ ಪರೀಕ್ಷಿಸಿರಿ. ಕಿಟಕಿ ತೆರೆದಿರಲಿ, ಮೂಗಿಗೆ ಆವಿ ತಡೆಯುವ ಮುಸುಕಿರಲಿ. ಒಲೆ, ದೇವರ ದೀಪಗಳು ಇರುವ ಕೋಣೆಯಲ್ಲಿ ಈ ಕೆಲಸವು ಸರ್ವಥಾ ಕೂಡದು. ಇದರ ಆವಿಯು ಕಿಡಿ ಸೋಕಿದರೆ ಹೊತ್ತುವದು.

ಮಳೆ ಹೊಳವಾದ ದಿನ ಮೊಮ್ಮಗನು ಬರಿಯ ರಿಟಾರ್ಡರನ್ನು ಮಂಜಿನಂತೆ ತೆಳುವಾಗಿ ಹೊಡೆದನು. ಬಣ್ಣವು ಮತ್ತೆ ಕರಗಿ, ಸಿಕ್ಕ ತೇವವು ಹಾರಿ, ಬಂಡಿಯು ಕಾಡಿಗೆಯಂತೆ ಕಪ್ಪಾಯಿತು. ಒಡೆದ ಬಣ್ಣದ ಬಟ್ಟಲನ್ನು ಮಾತ್ರ ಅವನು ಇನ್ನೂ ನನ್ನ ಮೇಜಿನಿಂದ ತೆಗೆಯಗೊಡನು.